ನಡಿಗೆ ನೋಡಿ ಆಯುಸ್ಸು ಅಳೆಯುವವರಿಗೆ

ಮುದಿ ನಾಯಿಯೊಂದು ಹಿಂಗಾಲು ಎಳೆಯುತ್ತ ಬೀದಿಗೆ ಬಂತೆಂದರೆ ಬಳ್ಳಾರಿಯಲ್ಲಿ ಸಲಹೆಗೇನೂ ಬರವಿಲ್ಲ. "ಪಾಪ, ನೋಡಾಕ ಆಗವಲ್ದು. ಒಂದ್ ಇಂಜೆಕ್ಷನ್ ಕೊಡಿಸಿ ಕಳಿಸಿಬಿಡ್ರಿ" ಎನ್ನುವವರಲ್ಲಿ ಹೆಚ್ಚಿನವರು ತಾವೂ ನಾಯಿ ಸಾಕಿದವರೇ. ಅವರ ಕರುಣೆಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಕರುಣೆ ಕೈಯಲ್ಲಿ ಹಿಡಿದಿರುವ ಅಳತೆಗೋಲಿನ ಬಗ್ಗೆ ಇದೆ. ನೋಡಲಾಗದ್ದು ನೋಡುವವರ ಕಷ್ಟ. ನಾಯಿಯ ಕಷ್ಟ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ, ಉತ್ತರ ಕಣ್ಣೆದುರೇ ಇದೆಯೆಂದು ನಂಬಿರುತ್ತೇವೆ.

ನನ್ನ ತಕರಾರು ಇಷ್ಟೇ: ನೆಟ್ಟಗೆ ನಡೆಯುವ ನಾಯಿ ಒಳಗೊಳಗೇ ನೋವು ನುಂಗುತ್ತಿರಬಹುದು, ತೂರಾಡುವ ನಾಯಿ ಆರಾಮಾಗಿರಬಹುದು. ನಾವು ಮೊದಲನೆಯದನ್ನು "ವಯಸ್ಸಾಯ್ತು, ಗಾಂಭೀರ್ಯ ಬಂದಿದೆ" ಎಂದು ಬಿಡುತ್ತೇವೆ. ಎರಡನೆಯದಕ್ಕೆ ಮರಣದಂಡನೆ ಬರೆಯುತ್ತೇವೆ.

ಬಳ್ಳಾರಿ ನಗರದ ಗೇಟು ಹಾಕಿದ ಮನೆಗಳಲ್ಲಿ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳು ಮುಪ್ಪಾಗುತ್ತಿವೆ. ನಮ್ಮಲ್ಲಿ ಶೆಫರ್ಡ್‌ಗೆ ಇಂದಿಗೂ ಅಲ್ಸೇಷನ್ ಎಂದೇ ಹೆಸರು. ಈ ತಳಿಯನ್ನು ಎಂಟು ವರ್ಷ ದಾಟಿದ ಮೇಲೆ ಹಿಡಿಯುವ ಒಂದು ಕಾಯಿಲೆ ಉಂಟು: ಡಿಜೆನರೇಟಿವ್ ಮೈಲೋಪತಿ. ಬೆನ್ನುಹುರಿಯ ನರತಂತುಗಳು ಮೆಲ್ಲಗೆ ಸವೆಯುತ್ತ ಹೋಗುತ್ತವೆ. 1973ರಲ್ಲಿ ಇದನ್ನು ಮೊದಲಿಗೆ ವಿವರವಾಗಿ ಬರೆದಿಟ್ಟರು; 2009ರಲ್ಲಿ ಇದರ ಹಿಂದೆ ಎಸ್‌ಓಡಿ1 ಎಂಬ ಜೀನಿನ ದೋಷವಿದೆಯೆಂದು ಗೊತ್ತಾಯಿತು. ಮನುಷ್ಯರಲ್ಲಿ ಎಎಲ್‌ಎಸ್ ಎಂಬ ನರರೋಗದ ಕೆಲವು ಪ್ರಕರಣಗಳಿಗೆ ಕಾರಣವಾಗುವುದೂ ಇದೇ ಜೀನು. ಔಷಧವಿಲ್ಲ. ದೊಡ್ಡ ತಳಿಗಳಲ್ಲಿ ಲಕ್ಷಣ ಕಾಣಿಸಿಕೊಂಡ ಆರು ತಿಂಗಳಿಂದ ವರ್ಷದೊಳಗೆ ಹಿಂಗಾಲುಗಳು ಪೂರ್ತಿ ನಿಲ್ಲುತ್ತವೆ.

ಇಷ್ಟು ಕೇಳಿದ ಮೇಲೆ ಇಂಜೆಕ್ಷನ್ ಮಾತೇ ಸರಿ ಅನ್ನಿಸುವುದು ಸಹಜ. ಆದರೆ ಪಶುವೈದ್ಯದ ಪಠ್ಯಗಳು ಈ ಕಾಯಿಲೆಯ ಜತೆಗೆ ತಪ್ಪದೆ ಬರೆಯುವ ಇನ್ನೊಂದು ಮಾತಿದೆ: ಇದು ನೋವಿಲ್ಲದ ಕಾಯಿಲೆ. ಸವೆಯುವುದು ನೋವನ್ನು ಹುಟ್ಟಿಸುವ ಜಾಗವಲ್ಲ. "ನಿನ್ನ ಕಾಲು ಈಗ ಎಲ್ಲಿದೆ" ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತಿಗಳು ಮೊದಲು ಕಡಿದುಹೋಗುತ್ತವೆ. ಮನೆಯಲ್ಲೇ ನೋಡಬಹುದು. ನಾಯಿಯನ್ನು ನಿಲ್ಲಿಸಿ, ಹೊಟ್ಟೆಯ ಕೆಳಗೆ ಒಂದು ಕೈ ಆಸರೆ ಕೊಟ್ಟು, ಹಿಂಗಾಲಿನ ಪಂಜವನ್ನು ಮಗುಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಾಗಿರುವ ನಾಯಿ ರೆಪ್ಪೆ ಹೊಡೆಯುವಷ್ಟರಲ್ಲಿ ಪಂಜವನ್ನು ಸರಿಮಾಡಿಕೊಳ್ಳುತ್ತದೆ. ಈ ಕಾಯಿಲೆಯ ನಾಯಿ ಹಾಗೇ ನಿಂತಿರುತ್ತದೆ, ಮಗುಚಿದ ಪಾದದ ಮೇಲೆಯೇ ಭಾರ ಹಾಕಿ, ನಿಮ್ಮ ಮುಖ ನೋಡುತ್ತ, ಬಾಲ ಆಡಿಸುತ್ತ. ಕಾಲು ಮಗುಚಿದೆಯೆಂಬುದೇ ಅದಕ್ಕೆ ಗೊತ್ತಿಲ್ಲ. ಅದರ ಉಗುರುಗಳನ್ನು ನೋಡಿ: ನಡುವಿನೆರಡು ಬೆರಳಿನ ಉಗುರು ನೆಲಕ್ಕೆ ಉಜ್ಜಿ ಉಜ್ಜಿ ಮೇಲ್ಗಡೆಯಿಂದ ಸವೆದಿರುತ್ತದೆ. ಸಿಮೆಂಟು ರಸ್ತೆಯಲ್ಲಿ ಸರ್ ಸರ್ ಎಂದು ಕೇಳುವ ಸದ್ದು ಅದೇ.

ಕುರುಗೋಡಿನ ನನ್ನ ಅಕ್ಕನ ಮನೆಯ ನಾಯಿಯದು ಬೇರೆ ಕಥೆ. ಅದರ ಹೆಸರು ಮೋತಿ. (ಬಳ್ಳಾರಿ ಕಡೆ ಮೋತಿ ಎಂದರೆ ಒಂದೋ ಸರ್ಕಲ್, ಇಲ್ಲವೇ ನಾಯಿ.) ನಾಡನಾಯಿ, ಈಗ ವಯಸ್ಸು ಹನ್ನೊಂದರ ಆಸುಪಾಸು. ಮರಿ ಇದ್ದಾಗ ಡಿಸ್ಟೆಂಪರ್ ಬಂದು ಹೋಯಿತು. ಜತೆಯ ಮರಿಗಳು ಸತ್ತವು, ಇದು ಉಳಿಯಿತು. ಆದರೆ ಎಡ ಮುಂಗಾಲು ಮತ್ತು ದವಡೆಯಲ್ಲಿ ಒಂದು ಮಿಡಿತ ಉಳಿದುಬಿಟ್ಟಿತು. ಒಂದೇ ಲಯದಲ್ಲಿ, ಗಡಿಯಾರದ ಮುಳ್ಳಿನ ಹಾಗೆ, ಹಗಲೂ ರಾತ್ರಿ. ವೈದ್ಯರು ಇದಕ್ಕೆ ಮಯೋಕ್ಲೋನಸ್ ಎನ್ನುತ್ತಾರೆ, ಬೀದಿಯ ಹುಡುಗರು "ಡ್ಯಾನ್ಸ್ ನಾಯಿ" ಎನ್ನುತ್ತಾರೆ. ಡಿಸ್ಟೆಂಪರ್ ವೈರಸ್ ನರಮಂಡಲ ಹೊಕ್ಕು ಬಿಟ್ಟುಹೋಗುವ ಗುರುತು ಇದು. ಪೂರ್ತಿ ನಿಲ್ಲಿಸುವ ಮದ್ದು ಇಲ್ಲ.

ಮೋತಿ ಮಲಗಿದಾಗ ಹತ್ತಿರ ಕೂತು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅದು ಗಾಢ ನಿದ್ದೆಯಲ್ಲಿರುತ್ತದೆ, ಉಸಿರು ನಿಧಾನ, ಕಿವಿ ಸಡಿಲ. ಕಾಲು ಮಾತ್ರ ಮಿಡಿಯುತ್ತಲೇ ಇರುತ್ತದೆ. ಇಂಥ ಮಿಡಿತ ಅರಿವಳಿಕೆ ಕೊಟ್ಟಾಗಲೂ ನಿಲ್ಲದಿರುವುದುಂಟು. ನಿದ್ದೆಗೆಡಿಸದ ಈ ಮಿಡಿತವನ್ನು ಸಂಕಟ ಎಂದು ಕರೆಯಲು ನನಗೆ ಆಧಾರ ಸಿಗುವುದಿಲ್ಲ. ಅದರಿಂದ ಮೋತಿಗೆ ಆಗುವ ತೊಂದರೆ ತೀರಾ ಲೌಕಿಕವಾದದ್ದು: ದವಡೆ ಮಿಡಿಯುವುದರಿಂದ ಅನ್ನ ಚೆಲ್ಲುತ್ತದೆ. ಅಕ್ಕ ಅಗಲ ತಟ್ಟೆ ಬಿಟ್ಟು ಆಳದ ಬೋಗುಣಿ ಇಟ್ಟಳು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಮೆತ್ತಗೆ ಮಾಡಿದಳು. ಸಮಸ್ಯೆ ಮುಕ್ಕಾಲು ಪಾಲು ಅಲ್ಲಿಗೆ ಮುಗಿಯಿತು.

"ನೋವಿಲ್ಲ ಅಂತ ನಿಮಗೆ ಹ್ಯಾಂಗ್ ಗೊತ್ತು? ನಾಯಿಗೆ ಬಾಯಿ ಇದೆಯಾ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಇದನ್ನು ತಳ್ಳಿಹಾಕಿದರೆ ನನ್ನ ವಾದವೇ ಬಿದ್ದುಹೋಗುತ್ತದೆ. ನಾಯಿ ನೋವನ್ನು ಅತ್ತು ಹೇಳುವುದು ಅಪರೂಪ, ಆದರೆ ಬೇರೆ ದಾರಿಗಳಲ್ಲಿ ಹೇಳುತ್ತದೆ. ನೆರಳಲ್ಲಿ ಸುಮ್ಮನೆ ಕೂತಾಗಲೂ ಏದುಸಿರು, ರಾತ್ರಿ ಒಂದು ಕಡೆ ಮಲಗದೆ ಜಾಗ ಬದಲಿಸುತ್ತಲೇ ಇರುವುದು, ಒಂದೇ ಕೀಲನ್ನು ನೆಕ್ಕಿ ಕೂದಲು ಉದುರಿಸಿಕೊಳ್ಳುವುದು, ಎತ್ತುವಾಗ ಗುರ್ ಎನ್ನುವುದು, ಹಸಿವಿದ್ದರೂ ಕತ್ತು ಬಗ್ಗಿಸಲಾರದೆ ತಟ್ಟೆ ಬಿಟ್ಟು ಹೋಗುವುದು. ಕೊನೆಯದು ಕತ್ತಿನ ಬೆನ್ನುಮೂಳೆಯ ಡಿಸ್ಕ್ ಜಾರಿದಾಗ ಕಾಣುವ ಲಕ್ಷಣ. ಅದೂ ನರದ ತೊಂದರೆಯೇ, ಆದರೆ ಭಯಂಕರ ನೋವಿನದು. ತಮಾಷೆಯೆಂದರೆ ಆ ನಾಯಿ ತೂರಾಡದೆ ಬಿಗಿಯಾಗಿ ನಿಂತಿರುತ್ತದೆ. ನೋಡುವವರಿಗೆ ಅದು ಮೋತಿಗಿಂತ ಎಷ್ಟೋ "ಚೆನ್ನಾಗಿ" ಕಾಣುತ್ತದೆ.

ಅನುಮಾನ ಉಳಿದರೆ ಪರೀಕ್ಷಿಸುವ ದಾರಿಯೂ ಇದೆ. ಪಶುವೈದ್ಯರು ಬರೆದುಕೊಟ್ಟ, ನಾಯಿಗೆ ಹೊಂದುವ ನೋವಿನ ಮಾತ್ರೆಯನ್ನು ಒಂದು ವಾರ ಕೊಟ್ಟು ನೋಡುವುದು. ನಿದ್ದೆ, ಊಟ, ಮನೆಮಂದಿಯ ಮೇಲಿನ ಆಸಕ್ತಿ ಬದಲಾದರೆ ನೋವಿತ್ತು ಎಂದರ್ಥ. ಏನೂ ಬದಲಾಗದೆ ತೂರಾಟ ಹಾಗೇ ಉಳಿದರೆ, ತೂರಾಟ ಬಹುಶಃ ನೋವಿನದಲ್ಲ. ಇಲ್ಲೊಂದು ಎಚ್ಚರ: ಮನುಷ್ಯರಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಚೂರು ಮಾಡಿ ಅನ್ನದಲ್ಲಿ ಕಲಸಬೇಡಿ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುತ್ತದೆ, ಮೂತ್ರಪಿಂಡ ಕೆಡುತ್ತದೆ. ಜತೆಗೆ ಸ್ಟೆರಾಯ್ಡ್ ಸೂಜಿಯೂ ಬಿದ್ದರೆ ಅಪಾಯ ಇಮ್ಮಡಿ. ಇನ್ನು ವಾರಕ್ಕೊಂದು ಬಿ-12 ಸೂಜಿ ಹಾಕಿಸಿ "ನರಕ್ಕೆ ಶಕ್ತಿ" ಎನ್ನುವ ಪದ್ಧತಿ. ಬಿ-12 ಕೊರತೆ ಇದ್ದ ನಾಯಿಗೆ ಅದು ಔಷಧ, ಉಳಿದವಕ್ಕೆ ಯಜಮಾನನ ಸಮಾಧಾನ. ಸಮಾಧಾನ ಅಗ್ಗವಾಗಿ ಸಿಕ್ಕರೆ ನನ್ನ ಆಕ್ಷೇಪವಿಲ್ಲ. ಆದರೆ ಅದರ ನೆಪದಲ್ಲಿ ರಕ್ತಪರೀಕ್ಷೆ ತಪ್ಪಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಉಣ್ಣಿಗಳ ಕಾಟ ಎಷ್ಟೆಂದು ನಾಯಿ ಸಾಕಿದ ಎಲ್ಲರಿಗೂ ಗೊತ್ತು. ಉಣ್ಣಿ ಜ್ವರ, ಅಂದರೆ ಟಿಕ್ ಫೀವರ್, ಕೆಲವು ನಾಯಿಗಳಲ್ಲಿ ನರಮಂಡಲಕ್ಕೂ ಏರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮಾತ್ರೆಯ ನಾಲ್ಕು ವಾರದ ಚಿಕಿತ್ಸೆ ಇದೆ. "ವಯಸ್ಸಾಯ್ತು" ಎಂದು ಸಹಿ ಹಾಕುವ ಮುಂಚೆ ಕನಿಷ್ಠ ಇದೊಂದನ್ನಾದರೂ ನೋಡಬೇಡವೇ?

ಅವಸರದ ತೀರ್ಪಿನ ಅತಿ ಕೆಟ್ಟ ಉದಾಹರಣೆ "ಲಕ್ವ." ಚೆನ್ನಾಗಿದ್ದ ಹನ್ನೆರಡು ಹದಿಮೂರು ವರ್ಷದ ನಾಯಿ ಬೆಳಗಾಗುವಷ್ಟರಲ್ಲಿ ಎದ್ದು ನಿಲ್ಲಲಾರದೆ ಒಂದು ಪಕ್ಕಕ್ಕೆ ಉರುಳುತ್ತಿರುತ್ತದೆ. ತಲೆ ವಾಲಿದೆ, ಕಣ್ಣುಗುಡ್ಡೆ ಪಟಪಟನೆ ಒಂದೇ ಕಡೆ ಎಳೆದುಕೊಳ್ಳುತ್ತಿದೆ, ವಾಂತಿ, ಜೊಲ್ಲು. ಮನೆಮಂದಿ ಅಳುತ್ತಾರೆ, "ಲಕ್ವ ಹೊಡದೈತಿ, ಮುಗೀತು" ಎಂದು ಊರೇ ಹೇಳುತ್ತದೆ. ಹೀಗೆ ಬಿದ್ದ ಮುದಿ ನಾಯಿಗಳಲ್ಲಿ ಬಹಳಷ್ಟಕ್ಕೆ ಲಕ್ವವೇ ಆಗಿರುವುದಿಲ್ಲ. ಒಳಕಿವಿಯ ಸಮತೋಲನದ ಅಂಗ ಕಾರಣ ಗೊತ್ತಾಗದೆ ಕೆಟ್ಟಿರುತ್ತದೆ. ಮುದಿ ನಾಯಿಗಳ ವೆಸ್ಟಿಬ್ಯುಲರ್ ಕಾಯಿಲೆ ಎಂದು ವೈದ್ಯರು ಕರೆಯುವ ಇದು ಮೂರು ದಿನದೊಳಗೆ ತಗ್ಗತೊಡಗಿ, ಎರಡು ಮೂರು ವಾರದಲ್ಲಿ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ. ತಲೆ ಮಾತ್ರ ಕೆಲವಕ್ಕೆ ಕಡೆಯತನಕ ಸ್ವಲ್ಪ ವಾಲಿಯೇ ಇರುತ್ತದೆ, ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ. ಕಿವಿಯ ಸೋಂಕು, ಮಿದುಳಿನ ಗಡ್ಡೆಗಳನ್ನು ವೈದ್ಯರು ನೋಡಿ ಬೇರ್ಪಡಿಸಬೇಕು, ಸರಿ. ಆದರೆ ಮೊದಲ ದಿನದ ಭೀಕರ ನೋಟವೇ ತೀರ್ಮಾನವಾದರೆ, ಮೂರನೆಯ ದಿನ ಎದ್ದು ನಿಲ್ಲಬೇಕಿದ್ದ ನಾಯಿಯನ್ನು ಎರಡನೆಯ ದಿನ ಹೂತು ಬಂದಿರುತ್ತೇವೆ. ಇಲ್ಲಿ ಕರುಣೆಗೆ ಬೇಕಾದದ್ದು ಎಪ್ಪತ್ತೆರಡು ಗಂಟೆಯ ತಾಳ್ಮೆ, ವಾಂತಿ ನಿಲ್ಲಿಸುವ ಔಷಧ, ಅಂಗೈಯಲ್ಲಿ ನೀರು, ಮೆಟ್ಟಿಲಿಗೆ ಒಂದು ಅಡ್ಡ ಹಲಗೆ.

ಕಾಲವೇ ರೋಗವನ್ನು ಗುರುತಿಸಿಕೊಡುವ ಇನ್ನೊಂದು ಸಂದರ್ಭವಿದೆ. ಅದು ಊರಿನ ಭಯಕ್ಕೆ ಸಂಬಂಧಿಸಿದ್ದು. ಮೋತಿಯನ್ನು ನೋಡಿ ಓಣಿಯ ಹೆಂಗಸೊಬ್ಬರು ಅಕ್ಕನಿಗೆ, "ಯಕ್ಕಾ, ಇದಕ್ಕ ಹುಚ್ಚು ಹಿಡದಂಗೈತಿ, ಹುಡುಗ್ರು ಆಡ್ತಾವು, ದೂರ ಬಿಟ್ಟು ಬರ್ರಿ" ಎಂದರು. ಅಕ್ಕ ಕಸಬರಿಗೆ ಕೆಳಗಿಡದೆಯೇ ಉತ್ತರ ಕೊಟ್ಟಳು: "ಹುಚ್ಚು ಹಿಡದಿದ್ರ ಹತ್ತು ದಿನದಾಗ ಸಾಯ್ತಿತ್ತವ್ವಾ. ಇದು ಹತ್ತು ವರ್ಷದಿಂದ ಕುಣೀತೈತಿ." ಪಶುವೈದ್ಯರ ಬಾಯಲ್ಲೂ ಇದಕ್ಕಿಂತ ಚೊಕ್ಕ ತರ್ಕ ನಾನು ಕೇಳಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ನಾಯಿ ಸುಮಾರು ಹತ್ತು ದಿನದೊಳಗೆ ಸಾಯುತ್ತದೆ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ ಎನ್ನುವ ನಿಯಮ ಬಂದದ್ದೂ ಇದರಿಂದಲೇ. ತಿಂಗಳುಗಟ್ಟಲೆ ಎಳೆಯುವ ತೂರಾಟ, ವರ್ಷಗಟ್ಟಲೆ ಉಳಿದ ಮಿಡಿತ ಹುಚ್ಚಲ್ಲ ಎಂಬುದಕ್ಕೆ ಅದರ ದೀರ್ಘಾಯುಸ್ಸೇ ಸಾಕ್ಷಿ. ಡಿಸ್ಟೆಂಪರ್ ಅಂತೂ ಮನುಷ್ಯರಿಗೆ ಹರಡುವ ಕಾಯಿಲೆಯೇ ಅಲ್ಲ.

ಈ ತರ್ಕದ ಇನ್ನೊಂದು ಮುಖವನ್ನೂ ಹೇಳಬೇಕು. ಹೊಸದಾಗಿ, ದಿಢೀರನೆ ನರದ ಲಕ್ಷಣ ಕಂಡ ನಾಯಿಯ ಬಗ್ಗೆ ಮೊದಲ ಹತ್ತು ದಿನ ಯಾವ ಧೈರ್ಯವೂ ಬೇಡ, ಲಸಿಕೆಯ ಪುಸ್ತಕ ಇಲ್ಲದ ನಾಯಿಯಾದರಂತೂ ಬೇಡವೇ ಬೇಡ. ದವಡೆ ಜೋತು, ಜೊಲ್ಲು ಸುರಿಸುತ್ತ, ನುಂಗಲಾರದ ನಾಯಿಯನ್ನು ಕಂಡು "ಗಂಟಲಾಗ ಎಲುಬು ಸಿಕ್ಕೈತಿ" ಎಂದು ಬಾಯಿಗೆ ಕೈ ಹಾಕುವುದು ಹಳ್ಳಿಗಳಲ್ಲಿ ನಡೆಯುತ್ತದೆ. ಮೂಕ ಬಗೆಯ ರೇಬಿಸ್ ಕಾಣುವುದು ಹೀಗೆಯೇ. ನಾಯಿಯ ಪರವಾಗಿ ಮಾತಾಡುವವರು ಇದನ್ನು ಮುಚ್ಚಿಟ್ಟರೆ ಅವರ ಉಳಿದ ಮಾತನ್ನು ಯಾರೂ ನಂಬಬೇಕಿಲ್ಲ.

ಈಗ ನನ್ನ ವಾದಕ್ಕೆ ಬಳ್ಳಾರಿಯ ಬಿಸಿಲು ಹಾಕುವ ಕೊಕ್ಕೆ. ಮುದಿ ಲ್ಯಾಬ್ರಡಾರ್‌ಗಳಲ್ಲಿ ಒಂದು ನರರೋಗ ಕಾಲಿಗಿಂತ ಮುಂಚೆ ಗಂಟಲಲ್ಲಿ ಕಾಣಿಸಿಕೊಳ್ಳುತ್ತದೆ. ಧ್ವನಿಪೆಟ್ಟಿಗೆಯನ್ನು ತೆರೆಯುವ ಸ್ನಾಯುಗಳಿಗೆ ಹೋಗುವ ಉದ್ದನೆಯ ನರ ಸೊರಗಿ, ಉಸಿರಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮೊದಲು ಬೊಗಳುವ ದನಿ ಗೊಗ್ಗರಾಗುತ್ತದೆ. ನೀರು ಕುಡಿದ ಮೇಲೆ ಕೆಮ್ಮು. ಆಮೇಲೆ ಉಸಿರೆಳೆದಾಗ ಗರಗಸ ಎಳೆದಂಥ ಸದ್ದು. ತಿಂಗಳುಗಳು ಕಳೆದಂತೆ ಹಿಂಗಾಲೂ ಸೋಲುತ್ತದೆ, ಏಕೆಂದರೆ ಇದು ಗಂಟಲಿನದಷ್ಟೇ ಕಾಯಿಲೆಯಲ್ಲ, ಉದ್ದದ ನರಗಳಲ್ಲೆಲ್ಲ ಹಬ್ಬುತ್ತ ಬರುವಂಥದ್ದು. ಮನೆಯವರು ಹಿಂಗಾಲನ್ನು ನೋಡಿ ಕಂಗಾಲಾಗುತ್ತಾರೆ, ಗೊಗ್ಗರು ದನಿಗೆ "ನೆಗಡಿ" ಎನ್ನುತ್ತಾರೆ. ಜೀವ ತೆಗೆಯುವುದು ಆ ದನಿ.

ಕಾರಣ ಸರಳ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಮೈ ತಣಿಯಬೇಕಾದರೆ ತೇಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ನಮ್ಮ ಕಲ್ಲುಗುಡ್ಡಗಳು ಹಗಲಿನ ಕಾವನ್ನು ರಾತ್ರಿಯವರೆಗೂ ಬಿಡುವುದಿಲ್ಲ, ಕಾಂಕ್ರೀಟು ಮನೆಗಳೂ ಅಷ್ಟೇ. ಅಂಥ ಹೊತ್ತಿನಲ್ಲಿ ಬಾಗಿಲು ಅರ್ಧ ಮುಚ್ಚಿದ ಗಂಟಲಿನಿಂದ ತೇಕುವುದೆಂದರೆ ಇನ್ನಷ್ಟು ಶ್ರಮ, ಇನ್ನಷ್ಟು ಕಾವು, ಗಂಟಲಿನ ಊತ, ಇನ್ನೂ ಕಿರಿದಾದ ಬಾಗಿಲು. ನಾಲಗೆ ನೀಲಿಗಟ್ಟಿದರೆ ಮಾತಾಡುತ್ತ ನಿಲ್ಲುವಷ್ಟು ಸಮಯವಿರುವುದಿಲ್ಲ. ಮೈಮೇಲೆ ನೀರು ಸುರಿದು, ಫ್ಯಾನು ಹಾಕಿ, ವೈದ್ಯರ ಬಳಿಗೆ ಓಡಬೇಕು. ಗಂಟಲಿನ ಒಂದು ಬದಿಯನ್ನು ಹೊಲಿದು ತೆರೆದಿಡುವ ಶಸ್ತ್ರಚಿಕಿತ್ಸೆ ಇದೆ, ನುರಿತ ಶಸ್ತ್ರವೈದ್ಯರು ಬೇಕು. ಅದಾದ ಮೇಲೂ ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯ ಬಿಡದು. ಶಸ್ತ್ರಚಿಕಿತ್ಸೆಯಿಲ್ಲದೆಯೂ ಮಾಡಬಹುದಾದದ್ದು ಸಾಕಷ್ಟಿದೆ: ಕೊರಳ ಬೆಲ್ಟು ತೆಗೆದು ಎದೆಗೆ ಕಟ್ಟುವ ಪಟ್ಟಿ, ತೂಕ ಇಳಿಸುವುದು, ಸೂರ್ಯ ಹುಟ್ಟುವ ಮುಂಚೆಯೇ ವಾಕಿಂಗ್ ಮುಗಿಸುವುದು, ಹಗಲಿಡೀ ಕೂಲರ್ ಮುಂದೆ ಜಾಗ, ಕರೆಂಟು ಹೋದಾಗ ಒದ್ದೆ ಗೋಣಿತಟ್ಟು. ಮಂಜು ಬೀಳುವ ದೇಶದವರು ಬರೆದ ಆರೈಕೆಯ ಪುಸ್ತಕ ಇಟ್ಟುಕೊಂಡು ಇಂಥ ನಾಯಿಯನ್ನು ಬಳ್ಳಾರಿಯಲ್ಲಿ ಉಳಿಸಲಾಗದು. ಉಸಿರಿಗೆ ಒದ್ದಾಡುವುದು ಮಾತ್ರ ನಿಜವಾದ ಸಂಕಟ, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಮೊದಲಿಂದ ಹೇಳುತ್ತಿರುವ ಅಳತೆಗೋಲು ಇಲ್ಲಿ ಉಲ್ಟಾ ಹೊಡೆಯುತ್ತದೆ: ಇನ್ನೂ ನೆಟ್ಟಗೆ ನಡೆಯುತ್ತಿರುವ ಈ ಲ್ಯಾಬ್ರಡಾರ್‌ಗೆ ಮೇ ತಿಂಗಳನ್ನು ದಾಟಿಸುವುದೇ ದೊಡ್ಡ ಸವಾಲು, ತೂರಾಡುವ ಮೋತಿಗೆ ಅದೊಂದು ಬೇಸಿಗೆ ಅಷ್ಟೆ.

ಕಾಲು ಸೋತ ನಾಯಿಯ ಆರೈಕೆಗೆ ಬೇಕಾದ ಸಾಮಾನು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಬಿದ್ದು ಸಿಗುತ್ತದೆ. ಬಳ್ಳಾರಿಯ ಜೀನ್ಸ್ ದೇಶಕ್ಕೆಲ್ಲ ಗೊತ್ತು. ಹೊಲಿಗೆ ಘಟಕಗಳಿಂದ ಹೊರಬೀಳುವ ಡೆನಿಮ್ ತುಂಡನ್ನು ಅಗಲವಾದ ಪಟ್ಟಿಯಾಗಿ ಹೊಲಿಸಿದರೆ ಹಿಂಗಾಲಿನ ಮುಂದೆ ಹೊಟ್ಟೆಯ ಕೆಳಗೆ ಹಾಕಿ ಎತ್ತುವ ಜೋಲಿ ಸಿದ್ಧ. ಹಗ್ಗದಂತೆ ಕೊರೆಯುವುದಿಲ್ಲ, ಸೀರೆಯಂತೆ ಜಾರುವುದಿಲ್ಲ. ಅದೇ ಬಟ್ಟೆಯ ಚೀಲದಂಥ ಗವಸು ಮಗುಚುವ ಪಾದವನ್ನು ಗಾಯದಿಂದ ಉಳಿಸುತ್ತದೆ, ಆದರೆ ಮನೆಯೊಳಗೆ ಬಿಚ್ಚಿಡಬೇಕು. ಬೆವರಿ ಕೊಳೆತರೆ ಗಾಯವೇ ಮೇಲು ಅನ್ನಿಸುತ್ತದೆ. ಸಿರುಗುಪ್ಪದಲ್ಲಿ ತುಂಗಭದ್ರೆಯ ನೀರಿಗೆ ಭತ್ತ, ಭತ್ತದ ಬೆನ್ನಿಗೆ ಹುಲ್ಲು. ಗೋಣಿಚೀಲಕ್ಕೆ ಒಣ ನೆಲ್ಲುಹುಲ್ಲು ದಪ್ಪನಾಗಿ ತುಂಬಿ ಬಾಯಿ ಹೊಲಿದರೆ ಅಂಗಡಿಯ ನಾಯಿಹಾಸಿಗೆಗಿಂತ ಒಳ್ಳೆಯದು. ಒದ್ದೆಯಾದರೆ ಹುಲ್ಲು ಸುರಿದು ಚೀಲ ಒಗೆದು ಮತ್ತೆ ತುಂಬಬಹುದು. ಮಲಗಿದ ನಾಯಿಯನ್ನು ನಾಲ್ಕೈದು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಎಲುಬಿನ ಮೇಲೆ ಹುಣ್ಣು, ಹುಣ್ಣಿನ ಮೇಲೆ ನೊಣ, ಆಮೇಲೆ ಹುಳ.

ಶತ್ರು ಯಾರೆಂದರೆ ನಮ್ಮ ನೆಲ. ಹೊಳಪು ಗ್ರಾನೈಟು, ಟೈಲ್ಸು ಹಾಸಿದ ಮನೆಯಲ್ಲಿ ಕಾಲು ಸೋತ ನಾಯಿ ನಾಲ್ಕೂ ದಿಕ್ಕಿಗೆ ಜಾರುತ್ತದೆ. ಕುರುಗೋಡಿನ ಹಳೇ ಮನೆಗಳ ಒರಟು ಕಲ್ಲುಹಾಸಿನ ಮೇಲೆ ಅದೇ ನಾಯಿ ನಿಲ್ಲುತ್ತದೆ. ಎಷ್ಟೋ ಶ್ರೀಮಂತ ಮನೆಯ ನಾಯಿಗಳ "ಲಕ್ವ" ಅರ್ಧ ನೆಲದ್ದು. ತೆಂಗಿನ ನಾರಿನ ಚಾಪೆಯನ್ನು ದಾರಿಯುದ್ದ ಹಾಸಿ ನೋಡಿ.

ಮೂತ್ರದ ವಿಷಯ ಯಾರೂ ಹೇಳಿಕೊಡುವುದಿಲ್ಲ. ಸದಾ ತೊಟ್ಟಿಕ್ಕುವ ನಾಯಿಗೆ ಮೂತ್ರ ನಿಲ್ಲುತ್ತಿಲ್ಲ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಚೀಲ ಖಾಲಿಯೇ ಆಗದೆ ತುಂಬಿ ತುಳುಕುತ್ತಿರುತ್ತದೆ, ಅದರಿಂದ ಸೋಂಕು. ಹೊಟ್ಟೆಯನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ಖಾಲಿ ಮಾಡಿಸುವ ವಿಧಾನವನ್ನು ವೈದ್ಯರ ಕೈಕೆಳಗೆ ಒಮ್ಮೆ ಕಲಿತರೆ ಸಾಕು. ದನದ ಡಾಕ್ಟರು ಎಮ್ಮೆ, ಕುರಿ ನೋಡಿ ಮುಗಿಸುವವರೆಗೆ ಕಾಯಬೇಕಾದೀತು. ಅದೂ ನ್ಯಾಯವೇ, ಸಿರುಗುಪ್ಪದ ರೈತನಿಗೆ ಎಮ್ಮೆ ಹೊಟ್ಟೆಪಾಡು.

ಇಷ್ಟೆಲ್ಲ ಮಾಡಿ ಪ್ರಯೋಜನವಿದೆಯೇ? ಡಿಜೆನರೇಟಿವ್ ಮೈಲೋಪತಿಯ ಶಂಕೆಯಿದ್ದ 22 ನಾಯಿಗಳನ್ನು ಸ್ವಿಟ್ಜರ್‌ಲ್ಯಾಂಡಿನ ವೈದ್ಯರು ಗಮನಿಸಿ 2006ರಲ್ಲಿ ಬರೆದರು. ದಿನವೂ ಚೆನ್ನಾಗಿ ವ್ಯಾಯಾಮ ಮಾಡಿಸಿದ ನಾಯಿಗಳು ಸರಾಸರಿ 255 ದಿನ, ಸಾಧಾರಣವಾಗಿ ಮಾಡಿಸಿದವು 130 ದಿನ, ಏನೂ ಮಾಡಿಸದವು 55 ದಿನ ಬದುಕಿದವು. ಸಣ್ಣ ಲೆಕ್ಕ. ಹೆಚ್ಚು ಆರೈಕೆ ಮಾಡುವವರು ಇಂಜೆಕ್ಷನ್ನಿಗೆ ಒಪ್ಪುವುದೂ ತಡವಾಗಿಯೇ, ಹಾಗಾಗಿ ವ್ಯಾಯಾಮದಿಂದಲೇ ಅಷ್ಟು ದಿನ ಸಿಕ್ಕಿತೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಸಂಶಯಕ್ಕೂ ಒಂದು ಅರ್ಥವಿದೆ: ಈ ಕಾಯಿಲೆಯಲ್ಲಿ ನಾಯಿ ಎಷ್ಟು ದಿನ ಬದುಕುತ್ತದೆ ಎಂಬುದನ್ನು ಕಾಯಿಲೆಗಿಂತ ಹೆಚ್ಚಾಗಿ ಮನೆಯವರು ತೀರ್ಮಾನಿಸುತ್ತಾರೆ.

ಕನ್ನಡ ನಾಡಿಗೆ ನಾಯಿಯನ್ನು ಗೌರವಿಸುವುದು ಹೊಸತೇನಲ್ಲ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಹೆಸರಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರ ಗಂಗರ ದೊರೆ ಬೂತುಗನಿಂದ ಬಹುಮಾನವಾಗಿ ಕೇಳಿದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು, ಗೊರವ, ಅಂದರೆ ಅಲ್ಲಿನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ವಿಧಿಸಿದರು. ಇತ್ತ ನಮ್ಮ ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ಗೊರವರು ಇಂದಿಗೂ ನಾಯಿಯಂತೆ ಬೊಗಳುತ್ತ ದೋಣಿ ಎಂಬ ಪಾತ್ರೆಯ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಒಂದು ಕಡೆ ವೀರನಾಯಿ, ಇನ್ನೊಂದು ಕಡೆ ದೇವರ ನಾಯಿ. ಹಾಸಿಗೆ ಹಿಡಿದ ನಾಯಿಗೆ ನಮ್ಮ ಪರಂಪರೆಯಲ್ಲಿ ಜಾಗ ಹುಡುಕಿದೆ, ಸಿಗಲಿಲ್ಲ. ಹೋರಾಡಿ ಸತ್ತರೆ ಕಲ್ಲು, ಮುಪ್ಪಿನಲ್ಲಿ ಸೋತರೆ ಊರಾಚೆ. ನಾವು ನಡಿಗೆ ನೋಡಿ ಬೆಲೆ ಕಟ್ಟುವುದಕ್ಕೆ ಬಹುಶಃ ಹಳೆಯ ಬೇರಿದೆ.

ಕಾನೂನೂ ಇಲ್ಲಿ ಎರಡು ಅಳತೆ ಇಟ್ಟುಕೊಂಡಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ನ್ಯಾಯಾಲಯಕ್ಕೆ ಒಂದು ಪ್ರಾಣಿಯನ್ನು ಕೊನೆಗೊಳಿಸುವ ಅಧಿಕಾರ ಕೊಡುವುದು, ಅದನ್ನು ಬದುಕಿಸಿಡುವುದೇ ಕ್ರೌರ್ಯ ಎಂದು ಮನವರಿಕೆಯಾದಾಗ. ಬೀದಿನಾಯಿಗಳ ಕುರಿತ 2023ರ ಸಂತಾನ ನಿಯಂತ್ರಣ ನಿಯಮಗಳು ನೋಡುವುದು ವಾಸಿಯಾಗದ ಕಾಯಿಲೆ ಅಥವಾ ಮಾರಣಾಂತಿಕ ಗಾಯ ಇದೆಯೇ ಎಂದು. ಮೋತಿಯ ಮಿಡಿತ ವಾಸಿಯಾಗದ್ದು, ಆದರೆ ಅದನ್ನು ಬದುಕಿಸಿಡುವುದರಲ್ಲಿ ಕ್ರೌರ್ಯವೇನೂ ಇಲ್ಲ. ಬೀದಿಯಲ್ಲಿ ಅದರಂಥ ನಾಯಿಗಳು ಬೇಕಾದಷ್ಟಿವೆ. 2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲೆ ಊರೂರಲ್ಲೂ ಬೀದಿನಾಯಿಯ ಚರ್ಚೆ ಬಿಸಿಯಾಗಿದೆ. ವಿಕಾರವಾಗಿ ನಡೆಯುವ ನಾಯಿಯ ಮೇಲೆಯೇ ಎಲ್ಲರ ಬೆರಳು ಮೊದಲು ಹೋಗುತ್ತದೆ. ಕಚ್ಚುವ ನಾಯಿ ಓಡಬಲ್ಲದು. ತೂರಾಡುವುದು ಸುಲಭಕ್ಕೆ ಸಿಗುತ್ತದೆ.

ಹಾಗಾದರೆ ಇಂಜೆಕ್ಷನ್ ಯಾವತ್ತೂ ತಪ್ಪೇ? ಅಲ್ಲ. "ಅದರ ಕರ್ಮ ಅದು ಅನುಭವಿಸಲಿ, ಕೊಲ್ಲೋಕೆ ನಾವ್ಯಾರು" ಎಂದು ಹುಳ ಬಿದ್ದ ನಾಯಿಯನ್ನು ಹಿತ್ತಲಲ್ಲಿ ಬಿಡುವವರಿಗಿಂತ ಇಂಜೆಕ್ಷನ್ ಕೊಡಿಸುವವರು ನೂರು ಪಾಲು ಮೇಲು. ಉಸಿರು ಕಟ್ಟುವ ನಾಯಿ, ಔಷಧಕ್ಕೆ ಬಗ್ಗದ ನೋವಿನ ನಾಯಿ, ಅನ್ನ ಬಿಟ್ಟು ಮುಖ ತಿರುಗಿಸಿದ ನಾಯಿ: ಇವುಗಳ ವಿಷಯದಲ್ಲಿ ತಡಮಾಡುವುದೇ ತಪ್ಪು. ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಿಕೊಳ್ಳಲು ಜನ ನಾಚುತ್ತಾರೆ. ಅರವತ್ತೈದು ದಾಟಿದ, ಮಂಡಿನೋವಿನ ಹೆಂಗಸೊಬ್ಬಳು, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ, ಮನೆಯಲ್ಲಿ ಮೂವತ್ತೈದು ಕಿಲೋ ತೂಕದ ಅಲ್ಸೇಷನ್. ದಿನಕ್ಕೆ ನಾಲ್ಕು ಸಲ ಅದನ್ನು ಎತ್ತಿ ಹೊರಗೆ ಒಯ್ಯುವುದು ಅವಳಿಂದ ಸಾಧ್ಯವಿಲ್ಲ. ಮೋತಿ ಹದಿನೈದು ಕಿಲೋ ಮೀರದ ನಾಡನಾಯಿ ಆದ್ದರಿಂದಲೇ ಅಕ್ಕನ ತತ್ವ ನಡೆಯುತ್ತಿದೆ, ಇದನ್ನು ಅಕ್ಕನೂ ಒಪ್ಪುತ್ತಾಳೆ.

ಆ ಹೆಂಗಸು ಇಂಜೆಕ್ಷನ್ ಕೊಡಿಸಿದರೆ ನಾನು ಒಂದು ಮಾತೂ ಆಡುವವನಲ್ಲ. ನನ್ನದೊಂದೇ ವಿನಂತಿ: "ಅದಕ್ಕೆ ನೋವು ತಡೆಯೋಕಾಗ್ತಿಲ್ಲ" ಎಂದು ಹೇಳುವ ಬದಲು "ನನ್ನಿಂದ ಎತ್ತೋಕಾಗ್ತಿಲ್ಲ" ಎಂದು ಹೇಳಲಿ. ನಾಯಿಯ ನೋವು ಎಂದರೆ ಕೇಳಿದವರು ನಿಟ್ಟುಸಿರು ಬಿಟ್ಟು ಇಂಜೆಕ್ಷನ್ನಿಗೆ ಹೂಂ ಎನ್ನುತ್ತಾರೆ. ಎತ್ತಲಾಗುತ್ತಿಲ್ಲ ಎಂದರೆ ಪಕ್ಕದ ಮನೆಯ ಕಾಲೇಜು ಹುಡುಗ ಬೆಳಿಗ್ಗೆ ಸಂಜೆ ಜೋಲಿಯ ಇನ್ನೊಂದು ತುದಿ ಹಿಡಿಯಲು ಬರಬಹುದು, ಹಾಲು ಹಾಕುವವನು ಮಧ್ಯಾಹ್ನ ಒಮ್ಮೆ ಬರುತ್ತೇನೆ ಎನ್ನಬಹುದು. ಬಾರದೆಯೂ ಇರಬಹುದು. ಆಗ ಇಂಜೆಕ್ಷನ್ ಹೇಗೂ ಇದ್ದೇ ಇದೆ.